ಮದ್ದೂ ಹೌದು, ಮದ್ದುಗುಂಡೂ ಹೌದು

ಪ್ರಶ್ನೆ: ಸಾರ್, ಲ್ಯಾಬ್ ಕ್ಲೀನ್ ಮಾಡುವಾಗ ಬೀರುವಿನ ಮೂಲೆಯಲ್ಲಿ ಹಳೇ ಬಾಟಲಿಯೊಂದು ಸಿಕ್ಕಿತು. ಲೇಬಲ್ ಮೇಲೆ ‘ಪಿಕ್ರಿಕ್ ಆಸಿಡ್’ ಎಂದಿದೆ. ಒಳಗೆ ಒಣಗಿದ ಹಳದಿ ಹರಳು. ಮುಚ್ಚಳ ಕಚ್ಚಿಕೊಂಡಿದೆ. ಅಟೆಂಡರ್ ‘ಇದು ಸುಟ್ಟ ಗಾಯದ ಮದ್ದು, ಸ್ಪ್ಯಾನರ್ ತರ್ತೀನಿ’ ಅಂದರು. ನನ್ನ ಮಗ ಬಾಂಬ್ ಅಂತಾನೆ. ಯಾವುದು ನಿಜ?
– ವಿಜ್ಞಾನ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮೇಡಂ, ಮೊದಲು ಆ ಸ್ಪ್ಯಾನರ್ ಕಿತ್ತಿಟ್ಟುಕೊಳ್ಳಿ. ಬಾಟಲಿ ಇದ್ದಲ್ಲೇ ಇರಲಿ. ಅಲುಗಿಸಬೇಡಿ. ನೀರು ಹಾಕೋಣ ಅಂತಲೂ ತೆರೆಯಬೇಡಿ. ರೂಮಿಗೆ ಬೀಗ ಹಾಕಿ, ಹೆಡ್‌ಮಾಸ್ಟರಿಗೆ ಹೇಳಿ, 112ಕ್ಕೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ಆಯ್ತಾ? ಈಗ ಕೇಳಿ. ಅಟೆಂಡರ್ ಹೇಳಿದ್ದು ಸುಳ್ಳಲ್ಲ. ನಿಮ್ಮ ಮಗ ಹೇಳಿದ್ದೂ ಸುಳ್ಳಲ್ಲ. ನಮ್ಮಲ್ಲಿ ಜ್ವರಕ್ಕೂ ಮದ್ದು, ಕೋವಿಗೂ ಮದ್ದು ಅಲ್ವಾ? ಇದು ಎರಡೂ ಆಗಿತ್ತು. ನೂರು ವರ್ಷದ ಹಿಂದೆ ಇದರ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುಟ್ಟ ಗಾಯಕ್ಕೆ ಕಟ್ಟುತ್ತಿದ್ದರು. ಅದಕ್ಕೂ ಮುಂಚೆ ರೇಷ್ಮೆಗೆ ಹಳದಿ ಬಣ್ಣ ಹಾಕಲು ಬಳಸುತ್ತಿದ್ದರು. 1885ರ ಹೊತ್ತಿಗೆ ಫ್ರಾನ್ಸಿನ ಯೂಜೀನ್ ಟರ್ಪಿನ್ ಇದನ್ನು ಫಿರಂಗಿ ಗುಂಡಿನೊಳಗೆ ತುಂಬಬಹುದು ಎಂದು ತೋರಿಸಿದ.

ಗುಟ್ಟೆಲ್ಲ ನೈಟ್ರೋ ಗುಂಪಿನಲ್ಲಿದೆ. ಒಂದು ಸಾರಜನಕಕ್ಕೆ ಎರಡು ಆಮ್ಲಜನಕ ಅಂಟಿಕೊಂಡರೆ ಅದು ನೈಟ್ರೋ. ಫೀನಾಲಿನ ಆರು ಇಂಗಾಲದ ಬಳೆಗೆ ಇಂಥ ಮೂರು ಗುಂಪು ಸೇರಿದರೆ ಪಿಕ್ರಿಕ್ ಆಸಿಡ್. ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡುವ ಊರಿನವರಿಗೆ ಇದನ್ನು ಹೇಳುವುದು ಸುಲಭ. ಹಳೇ ಕೋವಿಯ ಮದ್ದಿನಲ್ಲಿ ಉರಿಯುವ ಇದ್ದಿಲು ಬೇರೆ, ಆಮ್ಲಜನಕ ಕೊಡುವ ಪೆಟ್ಲುಪ್ಪು ಬೇರೆ. ಎರಡನ್ನೂ ಅರೆದು ಬೆರೆಸಬೇಕು. ಇಲ್ಲಿ ಹಾಗಿಲ್ಲ. ಉರಿಯುವ ಇಂಗಾಲವೂ ಉರಿಸುವ ಆಮ್ಲಜನಕವೂ ಒಂದೇ ಅಣುವಿನಲ್ಲಿ ಮೈಗೆ ಮೈ ತಾಗಿಸಿ ಕೂತಿವೆ. ಒಂದು ಪೆಟ್ಟು ಬಿದ್ದರೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ.

ಆ ಹಳದಿಗೂ ನೈಟ್ರೋವೇ ಕಾರಣ. ನಾನು ಮಡಿಕೇರಿಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದಾಗ ಇದರ ದ್ರಾವಣ ಬಲಗೈ ಬೆರಳ ಮೇಲೆ ಚೆಲ್ಲಿತು. ಸೋಪು ಹಾಕಿ ಉಜ್ಜಿ ಅಕ್ಕನ ಮನೆಗೆ ಊಟಕ್ಕೆ ಹೋದೆ. ಕಡಂಬುಟ್ಟು, ಪಂದಿಕರಿ. ಮೊದಲ ತುತ್ತೇ ವಿಷದ ಹಾಗೆ ಕಹಿ! ಕಾಚಂಪುಳಿ ಕೆಟ್ಟಿದೆ ಎಂದುಬಿಟ್ಟೆ. ಅಕ್ಕ ನನ್ನ ಬೆರಳು ನೋಡಿ, ‘ಅರಿಶಿನ ಕಲಸಿ ಬಂದೆಯೇನೋ?’ ಅಂದಳು. ಗ್ರೀಕಿನಲ್ಲಿ ‘ಪಿಕ್ರೋಸ್’ ಅಂದರೆ ಕಹಿ. ಹೆಸರು ಅಲ್ಲಿಂದಲೇ ಬಂದದ್ದು. ಅದು ನಿಜವಾಗಿಯೂ ವಿಷ. ಚಮಚದಲ್ಲಿ ತಿನ್ನುವ ಬುದ್ಧಿ ನನಗಿರಲಿಲ್ಲ. ಬೆರಳಿನ ಹಳದಿ ಚರ್ಮ ಸುಲಿದು ಹೋಗುವ ತನಕ ಉಳಿಯಿತು.

ಇನ್ನು ನಿಮ್ಮ ಬಾಟಲಿ. ನೈಟ್ರೋ ಗುಂಪುಗಳು ಎಲೆಕ್ಟ್ರಾನನ್ನು ತಮ್ಮ ಕಡೆ ಎಳೆಯುತ್ತವೆ. ಹಾಗಾಗಿ ಹೈಡ್ರೋಜನ್ ಸುಲಭವಾಗಿ ಕಳಚಿಕೊಳ್ಳುತ್ತದೆ. ಬರೀ ಫೀನಾಲ್ ವಿನೆಗರ್‌ಗಿಂತ ಸಪ್ಪೆ ಆಮ್ಲ. ಪಿಕ್ರಿಕ್ ಮಾತ್ರ ವಿನೆಗರನ್ನು ಎಷ್ಟೋ ಹಿಂದೆ ಹಾಕುತ್ತದೆ. ಇಷ್ಟು ಚುರುಕಾದ ಆಮ್ಲ ಲೋಹಕ್ಕೆ ತಾಗಿದರೆ ಪಿಕ್ರೇಟ್ ಎಂಬ ಲವಣ ಆಗುತ್ತದೆ. ಸೀಸ, ತಾಮ್ರ, ಕಬ್ಬಿಣದ ಪಿಕ್ರೇಟುಗಳು ಇನ್ನೂ ಜಾಸ್ತಿ ಮುಂಗೋಪಿಗಳು. ಮುಚ್ಚಳ ತಗಡಿನದಾದರೆ ಅದರ ಸುರುಳಿಯಲ್ಲೇ ಅವು ಕೂತಿರಬಹುದು. ತಿರುಗಿಸುವ ತಿಕ್ಕಾಟವೇ ಸಾಕು. ಟಿಎನ್‌ಟಿ ಎಂಬ ಸ್ಫೋಟಕಕ್ಕೂ ಮೂರು ನೈಟ್ರೋ ಇವೆ, ಆದರೆ ಅದು ಲೋಹದ ತಂಟೆಗೆ ಹೋಗುವುದಿಲ್ಲ, 80 ಡಿಗ್ರಿಗೇ ಕರಗುವುದರಿಂದ ಗುಂಡಿನೊಳಗೆ ತುಂಬುವುದೂ ಸುಲಭ. ಸೈನ್ಯದವರು ಪಿಕ್ರಿಕ್ ಬಿಟ್ಟು ಅದಕ್ಕೆ ಹೋದದ್ದು ಅದಕ್ಕೇ.

ನೀರಿನಲ್ಲಿ ನೆನೆದಿರುವ ಪಿಕ್ರಿಕ್ ಸಾಧು. ಕಂಪನಿಯವರು ನೂರಕ್ಕೆ 30 ಪಾಲಿಗಿಂತ ಜಾಸ್ತಿ ನೀರು ಬೆರೆಸಿಯೇ ಮಾರುತ್ತಾರೆ. ವರ್ಷಗಟ್ಟಲೆ ಯಾರೂ ನೋಡದಿದ್ದರೆ ಆ ನೀರು ಆರುತ್ತದೆ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ನಿಜ. ಹಾಗಂತ ಮುಚ್ಚಿದ ಬಾಟಲಿಯೊಳಗಿನ ಹರಳು ಹಸಿಯಾಗಿದೆ ಎಂದುಕೊಳ್ಳಬೇಡಿ.

ನಿಮ್ಮ ಅಟೆಂಡರಿಗೆ ಬೇಜಾರಾಗುವುದು ಬೇಡ. ಆಸ್ಪತ್ರೆ ಲ್ಯಾಬಿನಲ್ಲಿ ಕಿಡ್ನಿಗೆಂದು ಮಾಡುವ ಕ್ರಿಯಾಟಿನಿನ್ ಟೆಸ್ಟಿನಲ್ಲಿ ಇದು ಇವತ್ತಿಗೂ ಬಳಕೆಯಲ್ಲಿದೆ. 1886ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ ಕಂಡುಹಿಡಿದ ಕಿತ್ತಳೆ ಬಣ್ಣದ ಕ್ರಿಯೆಯೇ ಆ ಪರೀಕ್ಷೆಗೆ ಆಧಾರ.

ಹತ್ತಿರದ ಪಿಯು ಕಾಲೇಜಿನವರಿಗೂ ಒಂದು ಫೋನ್ ಮಾಡಿ. ಅವರ ಬೀರುವಿನಲ್ಲಿ 2,4-ಡಿಎನ್‌ಪಿ (ಡೈನೈಟ್ರೋಫೀನೈಲ್ ಹೈಡ್ರಜೀನ್) ಎಂಬ ಕಿತ್ತಳೆ-ಕೆಂಪು ಪುಡಿ ಇರಬಹುದು. ಎರಡು ನೈಟ್ರೋಗಳ ಆಸಾಮಿ. ಒಣಗಿದರೆ ಅದೂ ನಂಬಿಕೆಗೆ ಯೋಗ್ಯವಲ್ಲ. ಗಾಜಿನ ಹೊರಗಿಂದಲೇ ನೋಡಲಿ.