ಉಪ್ಪುಸೊಳೆ ಯಾಕೆ ಕೆಟ್ಟಿತು, ಮುಜಂಟಿ ಜೇನು ಯಾಕೆ ಉಕ್ಕಿತು?

ಪ್ರಶ್ನೆ: ಮೇ ತಿಂಗಳಲ್ಲಿ ಹಲಸಿನ ಸೊಳೆಗೆ ಉಪ್ಪು ಬೆರೆಸಿ ಭರಣಿಯಲ್ಲಿ ಉಪ್ಪುಸೊಳೆ ಹಾಕಿದ್ದೆ. ಮನೆಯವರಿಗೆ ಬಿಪಿ ಇದೆಯೆಂದು ಉಪ್ಪನ್ನು ಅರ್ಧಕ್ಕೆ ಇಳಿಸಿದೆ. ಆಟಿ ತಿಂಗಳು (ಜುಲೈ–ಆಗಸ್ಟ್) ಬರುವಷ್ಟರಲ್ಲಿ ಸೊಳೆ ಲೋಳೆಯಾಗಿ ವಾಸನೆ ಬಂತು. ಉಪ್ಪು ಸಾಲದೆ ಹೀಗಾಯಿತು ಎನ್ನುತ್ತಾರೆ ಅತ್ತೆ. ಮಗಳದ್ದು ಇನ್ನೊಂದು ಪ್ರಶ್ನೆ: ಪ್ರಾಣಿಗಳೂ ಹೀಗೆ ತಿನಿಸು ಎತ್ತಿಡುತ್ತವಾ? ಅವುಗಳದ್ದು ಕೆಡುವುದಿಲ್ವಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅತ್ತೆ ಹೇಳಿದ್ದೇ ಸರಿ. ಸೊಳೆಯಲ್ಲಿ ನೀರು ಜಾಸ್ತಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬದುಕಲು ಆ ನೀರೇ ಬೇಕು. ಉಪ್ಪು ಅದನ್ನು ಹೊರಗೆಳೆಯುತ್ತದೆ. ನಾವು ಒಂದು ತೊಟ್ಟು ನೀರು ಹಾಕದಿದ್ದರೂ ಭರಣಿಯಲ್ಲಿ ನೀರು ನಿಲ್ಲುವುದು ಇದರಿಂದಲೇ. ಒಳಗೆ ಉಳಿದ ನೀರು ಕೂಡ ಉಪ್ಪಿನ ಹಿಡಿತದಲ್ಲಿರುತ್ತದೆ, ಸೂಕ್ಷ್ಮಜೀವಿಗಳಿಗೆ ದಕ್ಕುವುದಿಲ್ಲ. ಉಪ್ಪು ಕಮ್ಮಿಯಾದರೆ ಅವು ಬೆಳೆದು, ಸೊಳೆಯನ್ನು ಗಟ್ಟಿಯಾಗಿಡುವ ಪೆಕ್ಟಿನನ್ನು ಕರಗಿಸುತ್ತವೆ. ನಿಮಗೆ ಸಿಕ್ಕ ಲೋಳೆ ಅದು. ದಯವಿಟ್ಟು ಅದನ್ನು ಬಳಸಬೇಡಿ, ಚೆಲ್ಲಿಬಿಡಿ.

ಮುಂದಿನ ಸಲ 1 ಕಿಲೋ ಸೊಳೆಗೆ 150ರಿಂದ 200 ಗ್ರಾಂ ಕಲ್ಲುಪ್ಪು ಹಾಕಿ. ಚೆನ್ನಾಗಿ ಬೆಳೆದ, ಆದರೆ ಹಣ್ಣಿನ ಪರಿಮಳ ಇನ್ನೂ ಬಾರದ ಕಾಯಿ ಆರಿಸಿ. ಮೆತ್ತಗಿನ ಸೊಳೆಯ ತುಳುವ ಹಲಸಿಗಿಂತ ಗಟ್ಟಿ ಸೊಳೆಯ ಬಕ್ಕೆ ಒಳ್ಳೆಯದು. ಸೊಳೆ ಉಪ್ಪುನೀರಿನಲ್ಲಿ ಪೂರ್ತಿ ಮುಳುಗಿರಬೇಕು; ಮೇಲೊಂದು ತಟ್ಟೆ ಇಟ್ಟು ತೊಳೆದು ಒಣಗಿಸಿದ ಕಲ್ಲು ಹೇರಿ. ಗಾಳಿ ತಾಗುವ ಕಡೆಯಲ್ಲೇ ಬೂಸರು ಶುರುವಾಗುವುದು. ಒದ್ದೆ ಕೈ, ಒದ್ದೆ ಸೌಟು ಭರಣಿಗೆ ಬೇಡವೇ ಬೇಡ.

ಬಿಪಿಯ ಚಿಂತೆ ನ್ಯಾಯವೇ. ಆದರೆ ಉಪ್ಪು ಇಳಿಸಬೇಕಾದದ್ದು ಭರಣಿಯಲ್ಲಲ್ಲ, ಅಡುಗೆಯ ಹೊತ್ತಿನಲ್ಲಿ. ಹಿಂದಿನ ರಾತ್ರಿಯೇ ಸೊಳೆಯನ್ನು ನೀರಿಗೆ ಹಾಕಿ, ಎರಡು ಮೂರು ಸಲ ನೀರು ಬದಲಿಸಿ, ಹಿಂಡಿ ತೆಗೆಯಿರಿ. ಪಲ್ಯಕ್ಕಾಗಲಿ, ಸೊಳೆ ರುಬ್ಬಿ ಕರಿಯುವ ಉಂಡಲಕಾಳಿಗಾಗಲಿ ಮತ್ತೆ ಉಪ್ಪು ಸೇರಿಸಬೇಡಿ. ಇಷ್ಟಾದರೂ ಸ್ವಲ್ಪ ಉಪ್ಪು ಉಳಿದೇ ಉಳಿಯುತ್ತದೆ. ಹಾಗಾಗಿ ಮನೆಯವರಿಗೆ ಅಪರೂಪಕ್ಕೊಮ್ಮೆ, ಸ್ವಲ್ಪವೇ ಬಡಿಸಿ.

ಇನ್ನು ಮಗಳ ಪ್ರಶ್ನೆ. ನನಗೆ ತುಂಬ ಇಷ್ಟವಾಯಿತು. ಎತ್ತಿಡುವ ಪ್ರಾಣಿಗಳು ಬೇಕಾದಷ್ಟಿವೆ, ಅವುಗಳಲ್ಲೂ ಹೆಚ್ಚಿನವು ನೀರನ್ನೇ ತೆಗೆಯುತ್ತವೆ. ಕಾಳು ಕೂಡಿಡುವ ಇರುವೆಗಳು ಮಳೆಗೆ ಗೂಡು ಒದ್ದೆಯಾದರೆ ಕಾಳನ್ನು ಹೊರಗೆ ತಂದು ಬಿಸಿಲಿಗೆ ಹರಡುತ್ತವೆ, ಒಣಗಿದ ಮೇಲೆ ಒಳಗೆ ಸಾಗಿಸುತ್ತವೆ. ನಾವು ಹಲಸಿನ ಬೀಜ ಬೇಯಿಸಿ ಸಾಂತಾಣಿ ಒಣಗಿಸುವ ಕೆಲಸವೇ ಅಲ್ವಾ! ಉತ್ತರ ಅಮೆರಿಕದ ಕೆಂಪು ಅಳಿಲು ಅಣಬೆಗಳನ್ನು ಕೊಂಬೆಗಳ ಮೇಲಿಟ್ಟು ಒಣಗಿಸುತ್ತದೆ. ಅಲ್ಲಿಯದೇ ಒಂದು ಮರಕುಟಿಗ ಮರದಲ್ಲಿ ಸಾವಿರಾರು ತೂತು ಕೊರೆದು ಓಕ್ ಕಾಯಿಗಳನ್ನು ಒಂದೊಂದಾಗಿ ಬಿಗಿಯಾಗಿ ತುರುಕುತ್ತದೆ. ಒಣಗಿದಂತೆ ಕಾಯಿ ಕುಗ್ಗಿ ಸಡಿಲವಾಗುತ್ತದೆ, ಬೇರೆಯವರು ಸುಲಭವಾಗಿ ಕದಿಯಬಹುದು. ಹಾಗಾಗಿ ಮರಕುಟಿಗ ಆಗಾಗ ಬಂದು ಪರೀಕ್ಷಿಸಿ, ಸಡಿಲವಾದದ್ದನ್ನು ಕಿತ್ತು ಚಿಕ್ಕ ತೂತಿಗೆ ಸಾಗಿಸುತ್ತದೆ. ಯುರೋಪಿನ ಮೋಲ್ ಎಂಬ ನೆಲದೊಳಗಿನ ಪ್ರಾಣಿಯ ದಾರಿಯೇ ಬೇರೆ. ಅದು ಎರೆಹುಳುವಿನ ತಲೆಯ ಹತ್ತಿರ ಕಚ್ಚಿ, ಅಲ್ಲಾಡದಂತೆ ಮಾಡಿ, ಜೀವಂತವಾಗಿಯೇ ಇಟ್ಟುಕೊಳ್ಳುತ್ತದೆ. ಸಾಯದ್ದು ಕೊಳೆಯುವುದಿಲ್ಲ.

ಹಾಗಂತ ಎಲ್ಲವೂ ಉಳಿಯುತ್ತದೆ ಎಂದಲ್ಲ. ಕೆಲವು ಕೆಡುತ್ತವೆ, ಕೆಲವು ಕಳವಾಗುತ್ತವೆ. ನೆಲದಲ್ಲಿ ಹುಗಿದ ಬೀಜಗಳಲ್ಲಿ ತಿನ್ನದೆ ಉಳಿದ ಕೆಲವು ಮೊಳೆತು ಗಿಡವಾಗುತ್ತವೆ.

ಪ್ರಶ್ನೆ: ಪಕ್ಕದ ತೋಟದವರಿಂದ ಮುಜಂಟಿ (ಚುಚ್ಚದ ಪುಟ್ಟ ನೊಣದ) ಜೇನು ಕೊಂಡೆ. ಬಾಟಲಿಯಲ್ಲಿ ನೊರೆ ಬಂದು ಹುಳಿಯಾಗಿದೆ. ಸಕ್ಕರೆ ಪಾಕ ಬೆರೆಸಿದ್ದಾರಾ?
– ಓದುಗರೊಬ್ಬರು, ಪೆರ್ಲ

ಉತ್ತರ: ನೊರೆ, ಹುಳಿ ನೋಡಿಯೇ ಅವರನ್ನು ಸಂಶಯಿಸಬೇಡಿ. ಹೂವಿನ ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದುಂಟು. ಜೇನ್ನೊಣಗಳು ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆಯಿಂದ ಗಾಳಿ ಹಾಕಿ ಅದನ್ನು ಇಳಿಸುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ತೊಡುವೆ ನೊಣದ ಜೇನಿನಲ್ಲಿ ಶೇಕಡಾ 20ರ ಆಸುಪಾಸು ನೀರು ಉಳಿಯುತ್ತದೆ. ಮುಜಂಟಿಯಲ್ಲಿ ಸಾಮಾನ್ಯವಾಗಿ 25ರ ಮೇಲೆ. ಅಷ್ಟು ನೀರು ಸಿಕ್ಕರೆ ಯೀಸ್ಟ್ ಕೆಲಸ ಶುರುಮಾಡುತ್ತದೆ. ಸಹಜವಾಗಿಯೇ ಮುಜಂಟಿ ಸ್ವಲ್ಪ ಹುಳಿ ಕೂಡ. ಈ ನೊಣಗಳು ಮೇಣ ಮತ್ತು ಮರದ ಅಂಟಿನಿಂದ ಮಾಡಿದ ಪುಟ್ಟ ಮಡಕೆಗಳಲ್ಲಿ ಜೇನು ತುಂಬುತ್ತವೆ; ಅವನ್ನು ಮುಚ್ಚುವ ಮೊದಲೇ ತೆಗೆದರೆ ನೀರಿನಂಶ ಇನ್ನೂ ಜಾಸ್ತಿ ಇರುತ್ತದೆ. ಮುಚ್ಚಿದ ಮಡಕೆಗಳ ಜೇನು ಮಾತ್ರ ಕೊಡಿ ಎಂದು ಅವರಿಗೆ ಹೇಳಿ. ತಂದದ್ದನ್ನು ಫ್ರಿಜ್‌ನಲ್ಲಿಡಿ, ಬಾಟಲಿ ಕುತ್ತಿಗೆಯವರೆಗೆ ತುಂಬಬೇಡಿ. ಈಗ ನೊರೆ ಬಂದಿರುವ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತೆರೆಯಿರಿ, ಒಳಗೆ ಗಾಳಿಯ ಒತ್ತಡ ಇರುತ್ತದೆ. 1 ವರ್ಷ ತುಂಬದ ಮಗುವಿಗೆ ಮಾತ್ರ ಯಾವ ಜೇನನ್ನೂ ನೆಕ್ಕಿಸಬೇಡಿ.