‘ಏನಾಗ್ತಿದೆ ಹೇಳಿ’ ಎಂದ ಮೇಲೆ ಸುಮ್ಮನಿರುವುದು

ಪ್ರಶ್ನೆ: ವೈದ್ಯಕೀಯ ಕಾಲೇಜೊಂದರಲ್ಲಿ ಹೊಸದಾಗಿ ಅಧ್ಯಾಪಕಿಯಾಗಿ ಸೇರಿದ್ದೇನೆ. ರೋಗಿಗಳೊಂದಿಗೆ ಹೇಗೆ ಮಾತನಾಡಬೇಕೆಂದು ಪಾಠ ಮಾಡಿದರೆ ಎಂಬಿಬಿಎಸ್ ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ. ವಾರ್ಡಿಗೆ ಹೋದರೆ ಮತ್ತೆ ಪಟ್ಟಿ ಒಪ್ಪಿಸಿದ ಹಾಗೆ ಪ್ರಶ್ನೆ ಕೇಳುತ್ತಾರೆ. ರೋಗಿಗೆ ಮಾತಾಡಲು ಬಿಟ್ಟರೆ ಓಪಿಡಿ ಮುಗಿಯುವುದಿಲ್ಲ ಎನ್ನುವ ಹಿರಿಯರಿಗೆ ಏನು ಹೇಳಲಿ?

ಉತ್ತರ: ಹಿರಿಯರ ಆತಂಕಕ್ಕೆ ಅಂಕಿ-ಅಂಶವೇ ಉತ್ತರ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 335 ಹೊರರೋಗಿಗಳ ಮೊದಲ ಮಾತನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ನಡುವೆ ಬಾಯಿ ಹಾಕದಿದ್ದರೆ ಅವರು ಮಾತಾಡಿದ್ದು ಸರಾಸರಿ 92 ಸೆಕೆಂಡ್; ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ ತಾವಾಗಿಯೇ ನಿಲ್ಲಿಸಿದರು. 1984ರ ಅಮೆರಿಕದ ಅಧ್ಯಯನವೊಂದರಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೇ ಮಾತು ತಡೆದಿದ್ದರು. ನಮ್ಮ ಓಪಿಡಿಯ ನೂಕುನುಗ್ಗಲು ಬೇರೆಯೇ, ನಿಜ. ಆದರೆ ಚೀಟಿ ಬರೆದಾದ ಮೇಲೆ ಬಾಗಿಲ ಬಳಿ ‘ಡಾಕ್ಟ್ರೇ, ಇನ್ನೊಂದು ವಿಷ್ಯ…’ ಎಂದರೆ ಮತ್ತೆ ಮೊದಲಿಂದ ಶುರು ಮಾಡಬೇಕಲ್ಲ!

ಇನ್ನು ಕಲಿಸುವ ಬಗೆ. ಇದು ಈಜಿನ ಹಾಗೆ, ಪಾಠ ಕೇಳಿ ಬರುವುದಲ್ಲ. 2019ರ ಬ್ಯಾಚಿನಿಂದ ಪಠ್ಯಕ್ರಮಕ್ಕೆ ಸೇರಿರುವ ಎಇಟಿಕಾಂ (ವರ್ತನೆ, ನೀತಿ, ಸಂವಹನ) ತರಗತಿಗಳನ್ನು ಅಭ್ಯಾಸಕ್ಕೇ ಬಳಸಿ. ಎಂಟು-ಹತ್ತು ಜನರ ಗುಂಪು, ಐದು ನಿಮಿಷದ ಸಂದರ್ಶನ, ಹತ್ತು ನಿಮಿಷದ ಚರ್ಚೆ. ರೋಗಿಯ ಪಾತ್ರಕ್ಕೆ ಅದೇ ಗುಂಪಿನವರು ಬೇಡ. ನಗು ಬರುತ್ತದೆ, ಮೇಲಾಗಿ ‘ನೋವು ಎಡಗೈಗೆ ರೇಡಿಯೇಟ್ ಆಗ್ತಿದೆ’ ಎಂದು ಪುಸ್ತಕದ ಉತ್ತರ ಕೊಟ್ಟುಬಿಡುತ್ತಾರೆ. ಬೇರೆ ಬ್ಯಾಚಿನವರಿಗೆ ಚೀಟಿ ಕೊಡಿ: ವಯಸ್ಸು, ಕಸುಬು, ತೊಂದರೆ, ಜೊತೆಗೆ ಕೇಳಿದರೆ ಮಾತ್ರ ಹೇಳಬೇಕಾದ ಒಂದು ಭಯ. ತೊಂದರೆ ರೋಗಿಯ ಮಾತಿನಲ್ಲೇ ಇರಲಿ: ‘ಎದೇಲಿ ಗ್ಯಾಸ್ ಹಿಡ್ಕೊಂಡಂಗೆ ಆಗುತ್ತೆ.’

ಈ ‘ಗ್ಯಾಸ್’ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ವಿದ್ಯಾರ್ಥಿ ಕೂಡಲೇ ಅಸಿಡಿಟಿ ಎಂದು ಬರೆದುಕೊಳ್ಳುತ್ತಾನೆ. ‘ಎಲ್ಲಿ, ಕೈಯಲ್ಲಿ ತೋರಿಸಿ’ ಎಂದಿದ್ದರೆ ರೋಗಿ ಎದೆಯ ನಡುವೆ ಮುಷ್ಟಿ ಒತ್ತಿ ತೋರಿಸುತ್ತಿದ್ದರು. ‘ನಡೆದಾಗ ಬಂದು, ನಿಂತರೆ ಹೋಗುತ್ತಾ?’ ಎಂಬ ಮುಂದಿನ ಪ್ರಶ್ನೆ ಆಗ ತಾನಾಗಿಯೇ ಹುಟ್ಟುತ್ತದೆ. ಹೃದಯದ ತೊಂದರೆ ಇರಬಹುದೆಂದು ಇಸಿಜಿಯ ನೆನಪೂ ಆಗುತ್ತದೆ.

ಮೊದಲ ದಿನ ಒಂದೇ ಕೆಲಸ ಕೊಡಿ: ‘ಏನಾಗ್ತಿದೆ ಹೇಳಿ’ ಎಂದು ಕೇಳಿ, ರೋಗಿ ನಿಲ್ಲಿಸುವವರೆಗೆ ಇನ್ನೊಂದು ಪ್ರಶ್ನೆ ಹಾಕಕೂಡದು. ‘ಹ್ಞೂಂ’, ‘ಆಮೇಲೆ?’ ಅನ್ನಬಹುದು. ನೋಡುವವರು ಆಡಿದ ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳಲಿ. ‘ಚೆನ್ನಾಗಿತ್ತು’ ಎಂದರೆ ಕಲಿಯಲು ಏನೂ ಸಿಗುವುದಿಲ್ಲ. ಎಡವಿದ ಜಾಗದಿಂದ ಅದೇ ಒಂದು ನಿಮಿಷವನ್ನು ಮತ್ತೆ ಮಾಡಿಸಿ. ಹೊತ್ತಿಲ್ಲವೆಂದು ಎಲ್ಲರೂ ಬಿಡುವುದು ಇದನ್ನೇ, ಕಲಿಕೆ ಆಗುವುದೂ ಇಲ್ಲೇ.

ಕೊನೆಯಲ್ಲಿ ರೋಗಿಗೆ ‘ಅರ್ಥ ಆಯ್ತಾ?’ ಎನ್ನುವುದು ಬೇಡ, ಎಲ್ಲರೂ ‘ಹ್ಞೂಂ’ ಎನ್ನುತ್ತಾರೆ. ‘ನಾನು ಸರಿಯಾಗಿ ಹೇಳಿದೆನಾ ನೋಡೋಣ, ಮಾತ್ರೆ ಯಾವಾಗ ತಗೋತೀರಿ?’ ಎಂದು ವಿದ್ಯಾರ್ಥಿಯಿಂದ ಕೇಳಿಸಿ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯನ್ನು ‘ತಿಂಡಿಗೆ ಮುಂಚೆ’ ಎಂದು ಬರೆದುಕೊಟ್ಟಿರುತ್ತೀರಿ. ‘ಆರಕ್ಕೆ ನುಂಗಿ ಹೊಲಕ್ಕೆ ಹೋಗ್ತೀನಿ, ಉಣ್ಣೋದು ಹತ್ತಕ್ಕೆ’ ಎಂದು ಅವರು ಹೇಳುವುದು ಆಗಲೇ. ಶುಗರ್ ಇಳಿದು ಹೊಲದಲ್ಲೇ ಬೆವರಿ ಬೀಳಬಹುದು ಎಂಬುದನ್ನು ವಿದ್ಯಾರ್ಥಿ ಅಲ್ಲಿಯೇ ಬಿಡಿಸಿ ಹೇಳಲಿ.