ಮಿಷನ್ ಗಂಟೆ ಯಾಕೆ ತೆಗೆದರು?

ಪ್ರಶ್ನೆ: ಮೇಷ್ಟ್ರೇ, ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನಾಲ್ಕನೇ ಕ್ಲಾಸಿನ ಮಗ ಶಾಲೆಗೆಂದು ಇಲ್ಲಿನ ಮಿಷನ್ ಸ್ಯಾನ್ ಹೋಸೆಯ ಮಾಡೆಲ್ ಮಾಡುತ್ತಿದ್ದಾನೆ. ಸಾಂತಾ ಕ್ರೂಸ್‌ನಲ್ಲಿ ರಸ್ತೆ ಬದಿಯ ಮಿಷನ್ ಗಂಟೆಗಳನ್ನು ತೆಗೆದುಹಾಕಿದರಂತೆ. ಹಳೇ ಗಂಟೆ ಪಾಪ ಯಾರಿಗೇನು ಮಾಡಿತ್ತು? ಮಗನಿಗೆ ಏನು ಹೇಳಲಿ?
– ಒಬ್ಬ ತಾಯಿ, ಫ್ರೀಮಾಂಟ್

ಉತ್ತರ: ನೋಡಮ್ಮ, ಮಿಷನ್ ಅಂದರೆ ಸ್ಪೇನಿನ ಪಾದ್ರಿಗಳು ಇಲ್ಲಿನ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿ ಮಾಡಲು ಕಟ್ಟಿದ ನೆಲೆ. ರಸ್ತೆ ಬದಿಯ ಆ ಗಂಟೆಗಳು ಮಿಷನ್ ಕಾಲದವಲ್ಲ. ಮಿಷನ್‌ಗಳ ಹಾದಿ ತೋರಿಸಲು 1906ರಿಂದೀಚೆಗೆ ನೆಟ್ಟವು. ತೆಗೆಯಿರಿ ಎಂದು ಕೇಳಿದವರು ಅಮಾ ಮುಟ್ಸುನ್ ಎಂಬ ಮೂಲನಿವಾಸಿ ಬುಡಕಟ್ಟಿನವರು. ಅವರ ಹಿರಿಯರು ಸಾಂತಾ ಕ್ರೂಸ್, ಸ್ಯಾನ್ ಹುವಾನ್ ಬೌಟಿಸ್ಟಾ ಮಿಷನ್‌ಗಳಲ್ಲಿ ಬದುಕಿ ಸತ್ತವರು. 2019ರಲ್ಲಿ ಸಾಂತಾ ಕ್ರೂಸ್‌ನ ವಿಶ್ವವಿದ್ಯಾಲಯ ತನ್ನ ಗಂಟೆ ಇಳಿಸಿತು, 2021ರಲ್ಲಿ ನಗರವೂ ಇಳಿಸಿತು.

ಮಿಷನ್‌ನಲ್ಲಿ ಗಂಟೆ ಹೊಡೆದರೆ ಏಳಬೇಕು, ಪ್ರಾರ್ಥನೆಗೆ ಹೋಗಬೇಕು, ಕೆಲಸಕ್ಕೆ ಇಳಿಯಬೇಕು. ಒಮ್ಮೆ ಜ್ಞಾನಸ್ನಾನ ಆಯಿತೋ, ಸ್ವಂತ ಊರಿಗೆ ಹೋಗಲೂ ಪಾದ್ರಿಯ ಅಪ್ಪಣೆ ಬೇಕು. ಓಡಿಹೋದವರನ್ನು ಸಿಪಾಯಿಗಳು ಹಿಡಿದು ತರುತ್ತಿದ್ದರು. ಚಾಟಿ ಏಟು ಬೀಳುತ್ತಿತ್ತು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಒಂದೇ ಕಡೆ ಕೂಡಿ ಬೀಗ ಹಾಕುತ್ತಿದ್ದರು. ಅಂಥ ಕಡೆ ರೋಗ ಬಂದರೆ ಕೇಳಬೇಕೇ? 1806ರ ದಡಾರ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಮಿಷನ್‌ಗಳಲ್ಲಿ ಎಷ್ಟೋ ಮನೆಗಳನ್ನೇ ಖಾಲಿ ಮಾಡಿತು. ಇದೆಲ್ಲ ಗೊತ್ತಿರುವ ಮನೆಯವರಿಗೆ ಆ ಗಂಟೆ ಬರೀ ಅಲಂಕಾರ ಆಗುತ್ತದಾ ಹೇಳಿ. ಮಿಷನ್‌ಗಳನ್ನು ಶುರು ಮಾಡಿದ ಹುನಿಪೆರೋ ಸೆರಾ ಅವರಿಗೆ 2015ರಲ್ಲಿ ಪೋಪ್ ಸಂತ ಪದವಿ ಕೊಟ್ಟಾಗಲೂ ಇದೇ ಜನ ಬೇಡವೆಂದು ಕೇಳಿಕೊಂಡಿದ್ದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಂತ ಎಲ್ಲರೂ ಚರ್ಚ್ ಬಿಟ್ಟಿಲ್ಲ. ಆ ಮನೆಗಳಲ್ಲಿ ಇವತ್ತಿಗೂ ಕ್ಯಾಥೊಲಿಕರಿದ್ದಾರೆ.

ಮಗನಿಗೆ ನಿಮ್ಮ ಊರಿನದೇ ಕಥೆ ಹೇಳಿ. ಎಸ್ತಾನಿಸ್ಲಾವ್ ಅಂತ ಒಬ್ಬ, ಯೋಕುಟ್ಸ್ ಎಂಬ ಮೂಲನಿವಾಸಿ ಜನದವನು, ಮಿಷನ್ ಸ್ಯಾನ್ ಹೋಸೆಯಲ್ಲಿದ್ದ. 1820ರ ದಶಕದ ಕೊನೆಗೆ ಅಲ್ಲಿಂದ ಹೊರಟು, ವಾಪಸ್ ಬರೋದಿಲ್ಲ ಅಂದ. ಆಗ ಕ್ಯಾಲಿಫೋರ್ನಿಯಾ ಮೆಕ್ಸಿಕೋ ಕೈಯಲ್ಲಿತ್ತು; ಹಿಡಿಯಲು ಬಂದ ಮೆಕ್ಸಿಕೋ ಸೈನಿಕರನ್ನು ಹಿಮ್ಮೆಟ್ಟಿಸಿದ. 1829ರಲ್ಲಿ ಅವನ ಮೇಲೆ ಫಿರಂಗಿ ತರಬೇಕಾಯಿತು. ಸ್ಟಾನಿಸ್ಲಾಸ್ ನದಿಗೆ ಅವನದೇ ಹೆಸರು.

ನಿಮ್ಮ ಊರಿನ ವಾಷಿಂಗ್ಟನ್ ಬುಲೆವಾರ್ಡ್‌ನಲ್ಲಿ ಓಲೋನಿ ಜನರ, ಅಂದರೆ ಈ ಪ್ರದೇಶದ ಮೂಲನಿವಾಸಿಗಳ, ಸ್ಮಶಾನವಿದೆ. ಅಲ್ಲಿ ಸುಮಾರು 4,000 ಜನ ಮಲಗಿದ್ದಾರೆ ಎನ್ನುತ್ತಾರೆ. ಚರ್ಚ್ ನೋಡಲು ಹೋದ ದಿನವೇ ಅಲ್ಲಿಗೂ ಮಗನನ್ನು ಕರೆದುಕೊಂಡು ಹೋಗಿ. ಓಲೋನಿ ಜನ ಇನ್ನಿಲ್ಲ ಎಂದು ಮಾತ್ರ ಅವನು ಬರೆಯದಿರಲಿ. 1925ರಲ್ಲಿ ದೊಡ್ಡ ಮಾನವಶಾಸ್ತ್ರಜ್ಞ ಕ್ರೋಬರ್ ಹಾಗೆ ಬರೆದುಬಿಟ್ಟರು. ಅದರಿಂದ ಆ ಜನಕ್ಕೆ ಆದ ಅನ್ಯಾಯ ಸಣ್ಣದಲ್ಲ.

ಮಾಡೆಲ್ ಕೈಬಿಡುವುದು ಬೇಡ. ಚರ್ಚಿನ ಪಕ್ಕ ಆ ಬೀಗದ ಕೋಣೆಯನ್ನೂ ಮಾಡಲಿ. ಅದು ಏನು ಅಂತ ಟೀಚರ್ ಕೇಳಿದರೆ ಅವನೇ ಹೇಳಲಿ.